ಕೀಳರಿಮೆಯ ವೈದ್ಯ ಆಲ್ಫ್ರೆಡ್ ಆಡ್ಲರ್

ಹುಡುಗ ನಾಲ್ಕು ಜನರ ಎದುರು ಮಾತನಾಡಲು ಹಿಂಜರಿದರೆ, ಹುಡುಗಿ ಚೆನ್ನಾಗಿ ಹಾಡಬಲ್ಲವಳಾಗಿದ್ದೂ ವೇದಿಕೆ ಏರಲು ಒಲ್ಲೆನೆಂದರೆ, ಅದಕ್ಕೆ ಕೀಳರಿಮೆಯೇ ಕಾರಣವೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ, ಬೀದಿಯಲ್ಲಿ ಮತ್ತೊಂದು ಭಾಷೆ ಎಂಬ ಸ್ಥಿತಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥ ಹೊರನಾಡ ಕುಟುಂಬಗಳಲ್ಲಿ ಈ ಪದ ಇನ್ನೂ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಅದನ್ನು ನಾವು ಉಚ್ಚರಿಸುವ ರೀತಿಯಾದರೋ ನ್ಯಾಯಾಧೀಶರು ತೀರ್ಪು ಓದಿದಂತೆ. ಕೀಳರಿಮೆ ಇದೆಯೆಂದು ಒಮ್ಮೆ ಹೇಳಿದ ಮೇಲೆ ಆ ಮಗುವಿನ ವಿಷಯದಲ್ಲಿ ಇನ್ನು ಹೇಳುವುದೇನೂ ಉಳಿಯಲಿಲ್ಲವೆಂಬ ಭಾವ ನಮ್ಮಲ್ಲಿ ಮೂಡುತ್ತದೆ.

ಈ ಕಲ್ಪನೆಯನ್ನು ಜಗತ್ತಿನ ಬಳಕೆಗೆ ತಂದ ವೈದ್ಯರು ಅದನ್ನು ತೀರ್ಪಾಗಿ ಬಳಸಿದವರಲ್ಲ. ಕೀಳರಿಮೆ ಇಲ್ಲದ ಮನುಷ್ಯನೇ ಇಲ್ಲವೆಂದೂ, ಮನುಷ್ಯ ಮಾಡಿರುವ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ಅದರ ಒತ್ತಡದಿಂದಲೇ ಹುಟ್ಟಿದವೆಂದೂ ಅವರು ನಂಬಿದ್ದರು. ಫ್ರಾಯ್ಡ್ ಮತ್ತು ಯೂಂಗರ ಹೆಸರು ಬಲ್ಲ ಅನೇಕರಿಗೆ ಆಲ್ಫ್ರೆಡ್ ಆಡ್ಲರ್ ಎಂಬ ಈ ಮೂರನೆಯವರ ಹೆಸರು ಅಷ್ಟಾಗಿ ತಿಳಿದಿಲ್ಲ. ಮನುಷ್ಯನ ವ್ಯಕ್ತಿತ್ವ ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಗೆ ಕಳೆದ ಶತಮಾನದ ಆರಂಭದಲ್ಲಿ ಉತ್ತರ ಹುಡುಕಿದ ಮೂವರು ಪ್ರಮುಖರಲ್ಲಿ ನಮ್ಮ ಮನೆಯ ಜಗಲಿಗೆ ಹತ್ತಿರ ಬಂದವರು ಇವರೇ. ಆದ್ದರಿಂದ ಅವರ ಬದುಕನ್ನು ಓದುಗರ ಮುಂದಿಡಲು ಇಲ್ಲಿ ಪ್ರಯತ್ನಿಸಿದ್ದೇವೆ.

ಆಡ್ಲರ್ ಹುಟ್ಟಿದ್ದು 1870ರ ಫೆಬ್ರವರಿ 7ರಂದು, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಅಂಚಿನಲ್ಲಿದ್ದ ರುಡಾಲ್ಫ್‌ಷೈಮ್ ಎಂಬ ಊರಿನಲ್ಲಿ. ತಂದೆ ಲಿಯೋಪೋಲ್ಡ್ ಧಾನ್ಯದ ವ್ಯಾಪಾರಿ, ಯಹೂದಿ, ತಾಯಿ ಪೌಲಿನ್. ಏಳು ಮಕ್ಕಳಲ್ಲಿ ಆಲ್ಫ್ರೆಡ್ ಎರಡನೆಯವರು. ಹಿರಿಯ ಅಣ್ಣನ ಹೆಸರು ಸಿಗ್ಮಂಡ್. ಮುಂದೆ ಅವರ ಬಾಳಿನಲ್ಲಿ ಮತ್ತೊಬ್ಬ ಸಿಗ್ಮಂಡ್ ಬರಲಿದ್ದರೆಂಬುದು ವಿಧಿಯ ವಿನೋದವೆನ್ನಬೇಕು.

ಬಾಲಕನಿಗೆ ರಿಕೆಟ್ಸ್ ರೋಗವಿತ್ತು. ಮೂಳೆಗಳು ಗಟ್ಟಿಯಾಗದೆ ಕಾಲುಗಳು ಮೈಭಾರ ಹೊರಲಾರದ ಈ ಕಾಯಿಲೆಯಿಂದಾಗಿ ನಾಲ್ಕು ವರ್ಷವಾಗುವವರೆಗೂ ಆತ ಸರಿಯಾಗಿ ನಡೆಯಲಿಲ್ಲ. ಮೈಗೆಲ್ಲ ಬಟ್ಟೆಯ ಪಟ್ಟಿ ಸುತ್ತಿಸಿಕೊಂಡು ತಾನು ಒಂದು ಬೆಂಚಿನ ಮೇಲೆ ಕುಳಿತಿರುವುದು, ಎದುರಿಗೆ ಆರೋಗ್ಯವಂತನಾದ ಅಣ್ಣ ಓಡಾಡುತ್ತಿರುವುದು - ಇದು ಅವರ ಬದುಕಿನ ತೀರ ಮೊದಲ ನೆನಪುಗಳಲ್ಲೊಂದು. ಮನೆಯವರೆಲ್ಲರೂ ತನಗೆ ನೆರವಾಗಲು ಶ್ರಮಿಸುತ್ತಿದ್ದುದೂ ಅವರಿಗೆ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ಮುಂದೆ ಬಂದದ್ದು ಇನ್ನೂ ಕಠಿಣವಾದ ಅನುಭವ. ಆತನಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ತಮ್ಮ ರುಡಾಲ್ಫ್ ಗಂಟಲುಮಾರಿ ರೋಗದಿಂದ ಪಕ್ಕದ ಹಾಸಿಗೆಯಲ್ಲೇ ತೀರಿಕೊಂಡ. ಅದಾದ ಕೆಲಕಾಲದಲ್ಲಿ ಆಲ್ಫ್ರೆಡ್‌ಗೂ ನ್ಯುಮೋನಿಯಾ ತಗುಲಿತು. ನೋಡಲು ಬಂದ ವೈದ್ಯರು ಹುಡುಗ ಉಳಿಯಲಾರನೆಂದು ತಂದೆಗೆ ಹೇಳಿದ ಮಾತು ಆ ಹುಡುಗನ ಕಿವಿಗೇ ಬಿತ್ತು. ಬದುಕಿ ಉಳಿದರೆ ತಾನು ವೈದ್ಯನಾಗಬೇಕೆಂದು ನಿಶ್ಚಯಿಸಿದ್ದು ಆಗಲೇ ಎಂದು ಆಡ್ಲರ್ ಮುಂದೆ ಹೇಳುತ್ತಿದ್ದರು.

ಶಾಲೆಯಲ್ಲಿ ಗಣಿತ ಅವರಿಗೆ ಒಲಿಯಲಿಲ್ಲ. ಒಂದು ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕಾಯಿತು. ಓದು ಈತನಿಗೆ ಹತ್ತುವುದಿಲ್ಲ, ಚಮ್ಮಾರರ ಬಳಿ ಕಸುಬು ಕಲಿಯಲು ಬಿಡುವುದು ಒಳಿತು ಎಂದು ಉಪಾಧ್ಯಾಯರು ತಂದೆಗೆ ಸಲಹೆಯಿತ್ತರಂತೆ. ಲಿಯೋಪೋಲ್ಡ್ ಆ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗನ ಮೇಲೆ ಅವರಿಗಿದ್ದ ನಂಬಿಕೆ ವಿಚಿತ್ರವಾದುದು. ಹಿರಿಯ ಮಗ ಎಲ್ಲದರಲ್ಲೂ ಮುಂದಿದ್ದರೂ ಈ ಎರಡನೆಯವನನ್ನು ಅವರು ಎಂದೂ ಹಗುರವಾಗಿ ಕಾಣಲಿಲ್ಲ. ಕೆಲವು ತಿಂಗಳುಗಳಲ್ಲೇ ಹುಡುಗ ತರಗತಿಯಲ್ಲಿ ಗಣಿತಕ್ಕೆ ಹೆಸರಾದ. ಗಣಿತದ ತಲೆ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಉಳಿದವರಿಗೆ ಬರುವುದೇ ಇಲ್ಲ ಎಂಬ ಮಾತನ್ನು ಆಡ್ಲರ್ ಕೊನೆಯವರೆಗೂ ಒಪ್ಪಲಿಲ್ಲ. ತಾವೇ ಅದಕ್ಕೆ ಸಾಕ್ಷಿಯಾಗಿದ್ದವರು ಹೇಗೆ ಒಪ್ಪಿಯಾರು?

ಅವರ ಬಾಲ್ಯದ ಇನ್ನೊಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸ್ಮಶಾನವಿತ್ತು. ಇತರ ಮಕ್ಕಳು ನಿರ್ಭಯವಾಗಿ ದಾಟುತ್ತಿದ್ದರು, ತಾನು ಮಾತ್ರ ಒಂದೊಂದು ಹೆಜ್ಜೆಗೂ ನಡುಗುತ್ತಿದ್ದೆ. ಈ ಅಂಜಿಕೆಯನ್ನು ಕೊನೆಗಾಣಿಸಲೇಬೇಕೆಂದು ಒಂದು ದಿನ ಹಿಂದೆ ಉಳಿದು, ಪುಸ್ತಕದ ಚೀಲವನ್ನು ಕೆಳಗಿಟ್ಟು, ಆ ಸ್ಮಶಾನವನ್ನು ಹತ್ತಾರು ಸಲ ಅತ್ತಿಂದಿತ್ತ ಓಡಿ ದಾಟಿದೆ. ಅಂದಿನಿಂದ ಭಯ ಹೋಯಿತು - ಹೀಗೆಂದು ಆಡ್ಲರ್ ನೆನಪಿಟ್ಟುಕೊಂಡಿದ್ದರು. ಮೂವತ್ತು ವರ್ಷಗಳ ತರುವಾಯ ಬಾಲ್ಯದ ಸಹಪಾಠಿಯೊಬ್ಬರು ಭೇಟಿಯಾದಾಗ, ಆ ಸ್ಮಶಾನ ಈಗ ಏನಾಗಿದೆಯೆಂದು ಕೇಳಿದರು. ಸಹಪಾಠಿಗೆ ಅಚ್ಚರಿ: ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲ. ಬೇರೆ ಸಹಪಾಠಿಗಳನ್ನು ವಿಚಾರಿಸಿದಾಗಲೂ ಅದೇ ಉತ್ತರ.

ಬೇರೆಯವರಾಗಿದ್ದರೆ ನಾಚಿ ಆ ವಿಷಯವನ್ನು ಮರೆಮಾಡುತ್ತಿದ್ದರೇನೋ. ಆಡ್ಲರ್ ಇದನ್ನು ಮುಕ್ತವಾಗಿ ಬರೆದರು, ಮಾತ್ರವಲ್ಲ, ತಮ್ಮ ಸಿದ್ಧಾಂತದ ಒಂದು ಮುಖ್ಯ ಸಾಧನವನ್ನೇ ಇಂಥ ಅನುಭವದಿಂದ ಪಡೆದರು. ನಡೆದ ಸಂಗತಿ ನಿಜವೋ ಕಲ್ಪಿತವೋ ಎಂಬುದಕ್ಕಿಂತ ಮನುಷ್ಯ ಯಾವ ನೆನಪನ್ನು ಆರಿಸಿ ಇಟ್ಟುಕೊಂಡಿದ್ದಾನೆ ಎಂಬುದು ಅವರಿಗೆ ಮುಖ್ಯವಾಯಿತು. ಭಯವನ್ನು ಅಭ್ಯಾಸದಿಂದ ಗೆಲ್ಲಬಹುದೆಂದು ತನಗೆ ತಾನೇ ಹೇಳಿಕೊಳ್ಳಲು ಆ ಹುಡುಗನಿಗೆ ಒಂದು ಸ್ಮಶಾನ ಬೇಕಾಗಿತ್ತು, ಇರಲಿಲ್ಲವಾದ್ದರಿಂದ ಕಟ್ಟಿಕೊಂಡ. ತಮ್ಮ ಬಳಿಗೆ ಬಂದವರನ್ನೆಲ್ಲ ಆಡ್ಲರ್ ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ ಒಂದು, ನಿಮ್ಮ ಅತ್ಯಂತ ಹಳೆಯ ನೆನಪು ಯಾವುದು ಎಂಬುದು. ಓದುಗರು ತಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಮ್ಮೆ ಈ ಪ್ರಶ್ನೆ ಕೇಳಿ ನೋಡಬಹುದು. ಒಂದೇ ಮನೆಯಲ್ಲಿ ಬೆಳೆದ ಅಣ್ಣತಂಗಿಯರು ಎಷ್ಟು ಬೇರೆ ಬೇರೆ ಬಾಲ್ಯಗಳನ್ನು ಹೊತ್ತುಕೊಂಡಿದ್ದಾರೆಂದು ನಮಗೇ ಬೆರಗಾಗುತ್ತದೆ.

1895ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಆಡ್ಲರ್ ಮೊದಲು ಕಣ್ಣಿನ ವೈದ್ಯರಾಗಿ, ಬಳಿಕ ಸಾಮಾನ್ಯ ವೈದ್ಯರಾಗಿ ಕೆಲಸ ಮಾಡಿದರು. ರಷ್ಯಾದಿಂದ ಓದಲು ಬಂದಿದ್ದ ರೈಸಾ ಎಪ್‌ಸ್ಟೈನ್ ಎಂಬ ತೀಕ್ಷ್ಣಮತಿಯ, ಸಮಾಜವಾದಿ ವಿಚಾರಗಳ ಯುವತಿಯನ್ನು 1897ರಲ್ಲಿ ವಿವಾಹವಾದರು. ನಾಲ್ವರು ಮಕ್ಕಳಾದರು. ಅವರ ಮೊದಲ ಪುಸ್ತಕ, 1898ರಲ್ಲಿ ಬಂದದ್ದು, ಮನಸ್ಸನ್ನು ಕುರಿತದ್ದೇ ಅಲ್ಲ. ದರ್ಜಿಗಳ ಆರೋಗ್ಯವನ್ನು ಕುರಿತದ್ದು. ಬೆಳಕಿಲ್ಲದ ಕೋಣೆಗಳಲ್ಲಿ ಬಗ್ಗಿ ಕುಳಿತು ಹೊಲಿಯುವವರ ರೋಗಗಳಿಗೂ ಅವರ ಬಡತನಕ್ಕೂ ಇರುವ ನಂಟನ್ನು ಅದರಲ್ಲಿ ವಿವರಿಸಿದರು. ರೋಗವನ್ನು ರೋಗಿಯ ಪರಿಸರದಿಂದ ಬೇರ್ಪಡಿಸಿ ನೋಡಬಾರದೆಂಬ ನಿಲುವು ಅಷ್ಟು ಹಿಂದೆಯೇ ಗಟ್ಟಿಯಾಗಿತ್ತು.

ಅವರ ಚಿಕಿತ್ಸಾಲಯವಿದ್ದದ್ದು ವಿಯೆನ್ನಾದ ಪ್ರಸಿದ್ಧ ವಿಹಾರಸ್ಥಳವಾದ ಪ್ರಾಟರ್ ಉದ್ಯಾನದ ಸಮೀಪ. ಹಾಗಾಗಿ ಅಲ್ಲಿನ ಸರ್ಕಸ್ಸಿನವರು, ದೊಂಬರಾಟದವರು ಅವರ ಬಳಿ ಔಷಧಕ್ಕೆ ಬರುತ್ತಿದ್ದರು. ಜನರನ್ನು ಬೆರಗುಗೊಳಿಸುವ ಸಾಹಸ ಮಾಡುತ್ತಿದ್ದ ಇವರಲ್ಲಿ ಕೆಲವರು ಬಾಲ್ಯದಲ್ಲಿ ದುರ್ಬಲ ದೇಹದವರಾಗಿದ್ದು, ಆ ದೌರ್ಬಲ್ಯವನ್ನು ಮೀರಲೆಂದೇ ದೇಹವನ್ನು ಪಳಗಿಸಿಕೊಂಡವರೆಂದು ಆಡ್ಲರ್ ಗಮನಿಸಿದರು. ತೊದಲುತ್ತಿದ್ದ ಡೆಮಾಸ್ತನೀಸ್ ಗ್ರೀಸಿನ ಮಹಾ ವಾಗ್ಮಿಯಾದ ಕಥೆ ಅವರಿಗೆ ಪ್ರಿಯವಾದ ಉದಾಹರಣೆ. ದೇಹದ ಯಾವುದೋ ಒಂದು ಅಂಗದ ಕೊರತೆ ಅದನ್ನು ಸರಿದೂಗಿಸುವ ಪ್ರಯತ್ನವನ್ನು ಹುಟ್ಟುಹಾಕುತ್ತದೆ ಎಂಬ ವಿಚಾರ 1907ರಲ್ಲಿ ಪುಸ್ತಕವಾಗಿ ಬಂತು. ಕೊರತೆ ದೇಹದಲ್ಲೇ ಇರಬೇಕಾಗಿಲ್ಲ, ಇದೆಯೆಂಬ ಭಾವನೆಯಿದ್ದರೂ ಸಾಕು ಎಂಬ ಮುಂದಿನ ಹೆಜ್ಜೆಯನ್ನು ಅವರು ಕೆಲವೇ ವರ್ಷಗಳಲ್ಲಿ ಇಟ್ಟರು.

ಅಷ್ಟರಲ್ಲಿ ಎರಡನೆಯ ಸಿಗ್ಮಂಡ್ ಅವರ ಬಾಳನ್ನು ಪ್ರವೇಶಿಸಿಯಾಗಿತ್ತು. 1902ರ ಕೊನೆಯಲ್ಲಿ ಸಿಗ್ಮಂಡ್ ಫ್ರಾಯ್ಡ್ ನಾಲ್ವರು ವೈದ್ಯರಿಗೆ ಅಂಚೆ ಕಾರ್ಡು ಬರೆದು, ತಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಸೇರಿ ಮನಸ್ಸಿನ ರೋಗಗಳನ್ನು ಕುರಿತು ಚರ್ಚಿಸೋಣವೆಂದು ಕರೆದರು. ಆ ನಾಲ್ವರಲ್ಲಿ ಆಡ್ಲರ್ ಒಬ್ಬರು. ಬುಧವಾರದ ಸಂಜೆಗಳಲ್ಲಿ ಸೇರುತ್ತಿದ್ದ ಈ ಪುಟ್ಟ ಕೂಟವೇ ವಿಯೆನ್ನಾ ಮನೋವಿಶ್ಲೇಷಣಾ ಸಂಘವಾಗಿ ಬೆಳೆಯಿತು. 1910ರಲ್ಲಿ ಆಡ್ಲರ್ ಅದರ ಅಧ್ಯಕ್ಷರೂ ಆದರು. ಆದರೆ ಒಳಗೊಳಗೇ ಬಿರುಕು ಬೆಳೆಯುತ್ತಿತ್ತು. ಫ್ರಾಯ್ಡರ ದೃಷ್ಟಿಯಲ್ಲಿ ಮನುಷ್ಯನನ್ನು ನಡೆಸುವುದು ಅದುಮಿಟ್ಟ ಕಾಮಪ್ರವೃತ್ತಿ. ಬಾಲ್ಯದಲ್ಲಿ ನಡೆದದ್ದು ಹಿಂದಿನಿಂದ ಅವನನ್ನು ತಳ್ಳುತ್ತಿರುತ್ತದೆ. ಆಡ್ಲರ್ ನೋಡಿದ್ದು ಇನ್ನೊಂದು ದಿಕ್ಕಿನಿಂದ. ಮಗು ತನಗಿಂತ ದೊಡ್ಡವರ ನಡುವೆ ಚಿಕ್ಕದಾಗಿ, ಅಸಹಾಯವಾಗಿ ಬದುಕು ತೊಡಗುತ್ತದೆ. ಆ ಚಿಕ್ಕತನದಿಂದ ಹೊರಬರಲು ತನ್ನ ಮುಂದೆ ಒಂದು ಗುರಿಯನ್ನು ಕಲ್ಪಿಸಿಕೊಳ್ಳುತ್ತದೆ. ಆ ಗುರಿ ಮುಂದಿನಿಂದ ಅದನ್ನು ಸೆಳೆಯುತ್ತದೆ.

ಇದು ಬರಿಯ ಪದಗಳ ಜಗಳವಾಗಿರಲಿಲ್ಲ. ಫ್ರಾಯ್ಡರ ಮಾತನ್ನು ಒಪ್ಪಿದರೆ ನಾವು ನಮ್ಮ ಬಾಲ್ಯದ ಕೈದಿಗಳು. ವರ್ಷಗಟ್ಟಲೆ ಅಗೆದು ಕಾರಣ ಹುಡುಕಬೇಕು. ಆಡ್ಲರರ ಮಾತನ್ನು ಒಪ್ಪಿದರೆ ಗುರಿಯನ್ನು ಕಟ್ಟಿಕೊಂಡವರು ನಾವೇ ಆದ್ದರಿಂದ ಬದಲಿಸುವ ಹೊಣೆಯೂ ನಮ್ಮದೇ. ಎರಡನೆಯದು ಹೆಚ್ಚು ಆಶಾದಾಯಕ. ಹೆಚ್ಚು ಕಷ್ಟದ್ದೂ ಹೌದೆಂದು ನಮಗನಿಸುತ್ತದೆ, ಏಕೆಂದರೆ ಅಲ್ಲಿ ತಂದೆತಾಯಿಯರ ಮೇಲೆ ದೋಷ ಹೊರಿಸಿ ಕುಳಿತುಕೊಳ್ಳುವ ಅನುಕೂಲವಿಲ್ಲ.

1911ರ ಆರಂಭದ ಸಭೆಗಳಲ್ಲಿ ಆಡ್ಲರ್ ತಮ್ಮ ವಿಚಾರಗಳನ್ನು ಮಂಡಿಸಿದಾಗ ಫ್ರಾಯ್ಡ್ ಮತ್ತು ಅವರ ನಿಷ್ಠರು ತೀವ್ರವಾಗಿ ಖಂಡಿಸಿದರು. ಆಡ್ಲರ್ ಅಧ್ಯಕ್ಷಸ್ಥಾನ ಬಿಟ್ಟರು, ಬಳಿಕ ಸಂಘವನ್ನೇ ಬಿಟ್ಟರು. ಹಲವು ಸದಸ್ಯರೂ ಅವರೊಡನೆ ಹೊರನಡೆದರು. ಮರುವರ್ಷ ಅವರ ಮುಖ್ಯ ಗ್ರಂಥ, ನರದೌರ್ಬಲ್ಯದ ಸ್ವಭಾವವನ್ನು ಕುರಿತದ್ದು, ಪ್ರಕಟವಾಯಿತು. ತಮ್ಮ ಪಂಥಕ್ಕೆ ಅವರು ವ್ಯಕ್ತಿ ಮನೋವಿಜ್ಞಾನವೆಂದು ಹೆಸರಿಟ್ಟರು. ಈ ಹೆಸರಿನಿಂದ ಮೋಸಹೋಗಬಾರದು. ಒಬ್ಬೊಂಟಿ ಮನುಷ್ಯನ ಮನೋವಿಜ್ಞಾನವೆಂಬುದು ಇದರ ಅರ್ಥವಲ್ಲ. ಒಡೆಯಲಾಗದ್ದು, ಅಖಂಡವಾದದ್ದು ಎಂಬ ಲ್ಯಾಟಿನ್ ಮೂಲದ ಅರ್ಥದಲ್ಲಿ ಅವರು ಆ ಪದವನ್ನು ಬಳಸಿದರು. ಮನಸ್ಸನ್ನು ಒಂದರೊಡನೊಂದು ಕಾದಾಡುವ ಭಾಗಗಳಾಗಿ ಒಡೆಯಲು ಅವರು ಒಪ್ಪಲಿಲ್ಲ. ನಡಿಗೆ, ನಗು, ನಿದ್ದೆ ಮಾಡುವ ಭಂಗಿ, ಕನಸು, ಸಿಟ್ಟು - ಎಲ್ಲದರಲ್ಲೂ ಒಂದೇ ಧಾಟಿ ಕಾಣುತ್ತದೆ. ಅದು ಆ ಮನುಷ್ಯನ ಜೀವನಶೈಲಿ. ಇಂದು ಫ್ಲಾಟು ಮಾರುವ ಜಾಹೀರಾತುಗಳಲ್ಲಿ ಲೈಫ್‌ಸ್ಟೈಲ್ ಎಂದು ಎರಚಾಡುವ ಪದವನ್ನು ಮನೋವಿಜ್ಞಾನದಲ್ಲಿ ರೂಢಿಗೆ ತಂದವರು ಆಡ್ಲರ್. ಅವರ ಅರ್ಥದಲ್ಲಿ ಅದಕ್ಕೂ ಈಜುಕೊಳಕ್ಕೂ ಸಂಬಂಧವಿಲ್ಲ. ನಾಲ್ಕೈದು ವರ್ಷದ ವಯಸ್ಸಿಗೆ ಮಗು ತನ್ನನ್ನೂ ಲೋಕವನ್ನೂ ಕುರಿತು ಮಾಡಿಕೊಂಡಿರುವ ತೀರ್ಮಾನವೇ ಅದು.

ಈ ಚೌಕಟ್ಟಿನಲ್ಲಿ ಕೀಳರಿಮೆಗೆ ಎರಡು ಮುಖಗಳಿವೆ. ಇನ್ನೂ ಚಿಕ್ಕವನಾಗಿದ್ದೇನೆ, ಬೆಳೆಯಬೇಕು ಎಂಬ ಭಾವನೆ ಎಲ್ಲರಲ್ಲೂ ಇರುವಂಥದು, ಅದು ರೋಗವಲ್ಲ. ಏನು ಮಾಡಿದರೂ ತನ್ನಿಂದಾಗದು ಎಂದು ಅದು ಹೆಪ್ಪುಗಟ್ಟಿ, ಬದುಕಿನ ಕರ್ತವ್ಯಗಳಿಂದ ತಪ್ಪಿಸಿಕೊಳ್ಳುವ ನೆಪವಾದಾಗ ಮಾತ್ರ ಚಿಕಿತ್ಸೆ ಬೇಕು. ಇತರರನ್ನು ತುಳಿದು ಮೆರೆಯುವವನ ಮೇಲರಿಮೆಯೂ ಇದೇ ನಾಣ್ಯದ ಮತ್ತೊಂದು ಬದಿಯೆಂದು ಅವರು ತೋರಿಸಿದರು. ಹೆಣ್ಣುಮಕ್ಕಳಲ್ಲಿ ಕಾಣುವ ಕೀಳರಿಮೆ ದೇಹದಿಂದ ಬಂದದ್ದಲ್ಲ, ಗಂಡಿಗೆ ಮೇಲುಸ್ಥಾನ ಕೊಟ್ಟ ಸಮಾಜ ಹೇರಿದ್ದು ಎಂದು ಆ ಕಾಲದಲ್ಲೇ ಬರೆದದ್ದು ಅವರ ಹೆಗ್ಗಳಿಕೆ. ಮನೆಯಲ್ಲಿ ಮಾತ್ರ ಈ ಸಮಾನತೆ ಸುಲಭವಾಗಿ ದಕ್ಕಲಿಲ್ಲ. ಕೆಫೆಗಳಲ್ಲಿ ಗೆಳೆಯರೊಡನೆ ತಡರಾತ್ರಿಯವರೆಗೂ ಚರ್ಚೆಯಲ್ಲಿ ಮುಳುಗಿರುತ್ತಿದ್ದ ಪತಿ, ಮಕ್ಕಳ ಹೊಣೆ ಹೊತ್ತ ಸ್ವತಂತ್ರ ಮನಸ್ಸಿನ ಪತ್ನಿ - ಇವರಿಬ್ಬರ ದಾಂಪತ್ಯದಲ್ಲಿ ದೀರ್ಘಕಾಲ ಬಿಗಿತವಿತ್ತು. ರೈಸಾ ರಷ್ಯನ್ ಕ್ರಾಂತಿಕಾರಿಗಳೊಡನೆ ಒಡನಾಟವುಳ್ಳವರು. ವಿಯೆನ್ನಾದಲ್ಲಿ ದೇಶಭ್ರಷ್ಟರಾಗಿದ್ದ ಟ್ರಾಟ್‌ಸ್ಕಿಯವರ ಕುಟುಂಬ ಇವರಿಗೆ ಆಪ್ತವಾಗಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ರೈಸಾ ಮಕ್ಕಳೊಡನೆ ತವರಿನಲ್ಲಿದ್ದರು. ಶತ್ರುದೇಶವಾಗಿಬಿಟ್ಟಿದ್ದ ರಷ್ಯಾದಿಂದ ಮರಳಿ ಬರಲು ಅವರು ತಿಂಗಳುಗಟ್ಟಲೆ ಕಾಯಬೇಕಾಯಿತು.

ಯುದ್ಧ ಆಡ್ಲರರನ್ನೂ ಬಿಡಲಿಲ್ಲ. 1916ರಲ್ಲಿ ಸೈನ್ಯದ ವೈದ್ಯರಾಗಿ ಸೇರಬೇಕಾಯಿತು. ಮನೋರೋಗದಿಂದ ಆಸ್ಪತ್ರೆ ಸೇರಿದ ಸೈನಿಕರನ್ನು ಪರೀಕ್ಷಿಸಿ, ಯಾರು ಮತ್ತೆ ರಣರಂಗಕ್ಕೆ ಹೋಗಲು ಯೋಗ್ಯರೆಂದು ಹೇಳುವುದು ಅವರ ಕೆಲಸ. ಪಾಠ ಹೇಳಿಕೊಟ್ಟು ವೃದ್ಧ ತಂದೆತಾಯಿಗಳನ್ನು ಸಾಕುತ್ತಿದ್ದ ಯುವಕನೊಬ್ಬ ತನ್ನನ್ನು ಸೇವೆಯಿಂದ ಬಿಡಿಸಬೇಕೆಂದು ಅಂಗಲಾಚಿದ. ಅವನಿಗೆ ಕಾಯಿಲೆಯಿರಲಿಲ್ಲ, ಪೂರ್ತಿ ಬಿಡುಗಡೆಗೆ ಬರೆದರೆ ಮೇಲಧಿಕಾರಿ ಒಪ್ಪದೆ ಅವನನ್ನು ಯುದ್ಧಕ್ಕೇ ಕಳುಹಿಸುವ ಸಂಭವವಿತ್ತು. ಕೊನೆಗೆ ಕಾವಲು ಕೆಲಸಕ್ಕೆ ಶಿಫಾರಸು ಮಾಡಿದರು. ಅಂದು ರಾತ್ರಿ ಆಡ್ಲರ್ ತಾವೊಬ್ಬ ಕೊಲೆಗಾರನಾಗಿ ಕತ್ತಲ ಬೀದಿಗಳಲ್ಲಿ ಓಡುತ್ತಿರುವ ಕನಸು ಕಂಡು ಬೆಚ್ಚಿಬಿದ್ದು ಎದ್ದರು. ಈ ಕನಸನ್ನೂ ಅವರು ತಮ್ಮ ಬರಹದಲ್ಲಿ ವಿಶ್ಲೇಷಿಸಿದ್ದಾರೆ. ಸಿದ್ಧಾಂತವೇನೇ ಇರಲಿ, ಆ ವರ್ಷಗಳು ಅವರೊಳಗೆ ಏನು ಮಾಡಿದವೆಂಬುದು ಅದರಿಂದ ತಿಳಿಯುತ್ತದೆ.

ಯುದ್ಧದಿಂದ ಮರಳಿದ ಆಡ್ಲರ್ ಕೆಫೆಯಲ್ಲಿ ಸೇರಿದ್ದ ಗೆಳೆಯರಿಗೆ, ಲೋಕಕ್ಕೆ ಈಗ ಎಲ್ಲಕ್ಕಿಂತ ಬೇಕಾಗಿರುವುದು ಸಮುದಾಯಪ್ರಜ್ಞೆ ಎಂದು ಹೇಳಿದಾಗ ಕೆಲವರು ಮುಖ ಸಿಂಡರಿಸಿದರು. ಇದು ವಿಜ್ಞಾನವಲ್ಲ, ಪಾದ್ರಿಯ ಉಪದೇಶವೆಂದು ಅವರಿಗೆ ತೋರಿತು, ಹಲವರು ದೂರವಾದರು. ತಾನು ಇತರರಿಗೆ ಸೇರಿದವನು, ಅವರ ಸುಖದುಃಖದಲ್ಲಿ ತನ್ನ ಪಾಲಿದೆ ಎಂಬ ಭಾವನೆ ಎಷ್ಟಿದೆಯೋ ಅಷ್ಟೇ ಮನುಷ್ಯನ ಮಾನಸಿಕ ಆರೋಗ್ಯ ಎಂಬುದು ಅಲ್ಲಿಂದ ಮುಂದೆ ಅವರ ಅಳತೆಗೋಲಾಯಿತು. ಖಿನ್ನತೆಯಿಂದ ಬಂದವರಿಗೆ ಅವರು ಕೊಡುತ್ತಿದ್ದ ಸಲಹೆ ಸರಳವಾದುದು: ಪ್ರತಿದಿನ ಯಾರಾದರೂ ಒಬ್ಬರಿಗೆ ಸಂತೋಷವಾಗುವ ಕೆಲಸ ಏನು ಮಾಡಬಹುದೆಂದು ಯೋಚಿಸಿ, ಎರಡು ವಾರಗಳಲ್ಲಿ ಗುಣ ಕಾಣುವಿರಿ. ತೀವ್ರ ಖಿನ್ನತೆ ಇಷ್ಟಕ್ಕೇ ಮಣಿಯುವುದಿಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ, ಅದು ನಿಜ. ಆದರೂ ಬೇಸರದಿಂದ ಬಾಗಿಲು ಮುಚ್ಚಿ ಕುಳಿತ ಎಷ್ಟೋ ಮಂದಿಗೆ ಈ ಸಲಹೆ ಬಾಗಿಲು ತೆರೆಸಿರಬಹುದು.

ಅವರ ಬದುಕಿನ ಅತ್ಯಂತ ಫಲವತ್ತಾದ ಅಧ್ಯಾಯ ಈಗ ತೊಡಗಿತು. ಯುದ್ಧಾನಂತರ ವಿಯೆನ್ನಾ ನಗರಾಡಳಿತ ಸಮಾಜವಾದಿಗಳ ಕೈಗೆ ಬಂದು, ಶಾಲೆಗಳ ಸುಧಾರಣೆ ಆರಂಭವಾಗಿತ್ತು. ಆಡ್ಲರ್ ಮತ್ತು ಅವರ ಶಿಷ್ಯರು ನಗರದ ಶಾಲೆಗಳಲ್ಲಿ ಮಕ್ಕಳ ಸಲಹಾ ಕೇಂದ್ರಗಳನ್ನು ತೆರೆದರು. ಮುಂದೆ ಅವುಗಳ ಸಂಖ್ಯೆ ಸುಮಾರು 30ಕ್ಕೆ ಏರಿತು. ಶುಲ್ಕವಿಲ್ಲ. ಕಳ್ಳತನ ಮಾಡುವ, ಶಾಲೆ ತಪ್ಪಿಸುವ, ಹಾಸಿಗೆ ಒದ್ದೆ ಮಾಡುವ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಉಪಾಧ್ಯಾಯರು ಕರೆತರುತ್ತಿದ್ದರು. ವಿಶೇಷವೆಂದರೆ ಸಂದರ್ಶನ ನಡೆಯುತ್ತಿದ್ದದ್ದು ಮುಚ್ಚಿದ ಕೋಣೆಯಲ್ಲಲ್ಲ, ಇತರ ಉಪಾಧ್ಯಾಯರ ಸಮ್ಮುಖದಲ್ಲಿ. ಮೊದಲು ಉಪಾಧ್ಯಾಯರ ವರದಿ, ಆಮೇಲೆ ತಂದೆತಾಯಿ, ಕೊನೆಗೆ ಮಗು. ದಪ್ಪಗೆ, ಕುಳ್ಳಗೆ, ಕನ್ನಡಕ ಧರಿಸಿದ್ದ ಈ ವೈದ್ಯರು ಮಗುವನ್ನು ಸಮಾನನಂತೆ ಮಾತನಾಡಿಸುತ್ತಿದ್ದರೆಂದು ಕಂಡವರು ಬರೆದಿದ್ದಾರೆ. ಗದರಿಕೆಯೂ ಇಲ್ಲ, ಮುದ್ದೂ ಇಲ್ಲ. ಮುದ್ದಿನಿಂದ ಕೆಡುವ ಮಗುವೂ ತಿರಸ್ಕಾರದಿಂದ ಕೆಡುವ ಮಗುವೂ ಒಂದೇ ಕಡೆಗೆ, ಅಂದರೆ ತನ್ನಿಂದ ಏನೂ ಆಗದೆಂಬ ನಂಬಿಕೆಗೆ ಬಂದು ಸೇರುತ್ತವೆಂಬುದು ಅವರ ಅನುಭವ. ತುಂಟ ಮಗುವೆಂದರೆ ಧೈರ್ಯಗೆಟ್ಟ ಮಗು. ಅದಕ್ಕೆ ಬೇಕಾದದ್ದು ಶಿಕ್ಷೆಯಲ್ಲ, ಧೈರ್ಯ.

ಮನೆಯಲ್ಲಿ ಮಗು ಎಷ್ಟನೆಯದು ಎಂಬುದಕ್ಕೂ ಅವರು ಬಹಳ ಮಹತ್ವ ಕೊಟ್ಟರು. ತಮ್ಮನೋ ತಂಗಿಯೋ ಹುಟ್ಟಿದಾಗ ಸಿಂಹಾಸನ ಕಳೆದುಕೊಂಡ ಅರಸನಂತಾಗುವ ಹಿರಿಯ ಮಗು, ಮುಂದೆ ಓಡುವವರನ್ನು ಹಿಂದಿಕ್ಕಲು ಸದಾ ಓಡುವ ಎರಡನೆಯದು, ಎಲ್ಲರ ಮುದ್ದಿನ ಕಿರಿಯದು - ಈ ಚಿತ್ರಗಳು ಎಷ್ಟು ಸೊಗಸಾಗಿವೆಯೆಂದರೆ ಓದಿದವರೆಲ್ಲ ತಮ್ಮ ಮನೆಯನ್ನೇ ಅಲ್ಲಿ ಕಾಣುತ್ತಾರೆ. ಎರಡನೆಯ ಮಗುವಿನ ಚಿತ್ರ ಬರೆಯುವಾಗ ಅವರ ಮನಸ್ಸಿನಲ್ಲಿ ಅಣ್ಣ ಸಿಗ್ಮಂಡ್ ಇದ್ದನೆಂದು ಊಹಿಸಲು ಕಷ್ಟವೇನಿಲ್ಲ. ಆದರೆ ಇಂದಿನ ಪರೀಕ್ಷೆಯಲ್ಲಿ ಈ ಭಾಗ ನಿಂತಿಲ್ಲ. ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ 20,000ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಟ್ಟಿನ ಕ್ರಮಕ್ಕೂ ವ್ಯಕ್ತಿತ್ವದ ಮುಖ್ಯ ಗುಣಗಳಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಹಿರಿಯ ಮಗನೆಂದರೆ ಹೀಗೆಯೇ ಎಂದು ಮನೆಯಲ್ಲಿ ಹಣೆಪಟ್ಟಿ ಹಚ್ಚುವ ಮುನ್ನ ನಾವು ಇದನ್ನು ನೆನೆಯುವುದು ಒಳ್ಳೆಯದು.

ಇನ್ನೊಂದು ಆಕ್ಷೇಪ ಅವರ ಕೇಂದ್ರದೊಳಗಿನಿಂದಲೇ ಬಂದದ್ದು. ಮುಂದೆ ತತ್ತ್ವಜ್ಞಾನಿಯಾಗಿ ಹೆಸರಾದ ಕಾರ್ಲ್ ಪಾಪರ್ 1919ರಲ್ಲಿ ಯುವಕರಾಗಿದ್ದಾಗ ಆಡ್ಲರರ ಕೈಕೆಳಗೆ ಬಡಮಕ್ಕಳ ನಡುವೆ ಕೆಲಸ ಮಾಡುತ್ತಿದ್ದರು. ಕೀಳರಿಮೆಯ ಸಿದ್ಧಾಂತಕ್ಕೆ ಹೊಂದದಂತೆ ತೋರಿದ ಒಂದು ಮಗುವಿನ ವಿಷಯವನ್ನು ತಿಳಿಸಿದಾಗ, ಆಡ್ಲರ್ ಆ ಮಗುವನ್ನು ನೋಡದೆಯೇ ಅದನ್ನು ತಮ್ಮ ಸಿದ್ಧಾಂತದಿಂದ ಲೀಲಾಜಾಲವಾಗಿ ವಿವರಿಸಿಬಿಟ್ಟರು. ಏನು ನಡೆದರೂ ವಿವರಿಸಬಲ್ಲ, ಯಾವುದರಿಂದಲೂ ಸುಳ್ಳಾಗದ ಸಿದ್ಧಾಂತವನ್ನು ವಿಜ್ಞಾನವೆನ್ನಬಹುದೇ ಎಂಬ ಪಾಪರರ ಪ್ರಸಿದ್ಧ ಪ್ರಶ್ನೆಗೆ ಈ ಘಟನೆಯೂ ಒಂದು ಪ್ರೇರಣೆ. ಇದು ಸಣ್ಣ ಆಕ್ಷೇಪವಲ್ಲ. ಸಿದ್ಧಾಂತಿ ಆಡ್ಲರರಿಗಿಂತ, ಬೆಂಚಿನ ಮೇಲೆ ಮಗುವಿನ ಪಕ್ಕದಲ್ಲಿ ಕುಳಿತ ಆಡ್ಲರ್ ದೊಡ್ಡವರೆಂಬುದೇ ನಮ್ಮ ಅಭಿಪ್ರಾಯ.

ವಿಯೆನ್ನಾ ವಿಶ್ವವಿದ್ಯಾಲಯ ಅವರ ಅಧ್ಯಾಪನದ ಅರ್ಜಿಯನ್ನು 1915ರಲ್ಲೇ ತಿರಸ್ಕರಿಸಿತ್ತು. ಮನ್ನಣೆ ಬಂದದ್ದು ಅಮೆರಿಕದಿಂದ. 1926ರಿಂದ ಅವರು ಅಲ್ಲಿಗೆ ಮತ್ತೆ ಮತ್ತೆ ಉಪನ್ಯಾಸ ಪ್ರವಾಸ ಕೈಗೊಂಡರು. ಐವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿತು, ತಪ್ಪು ಉಚ್ಚಾರಣೆಗೆ ಅಂಜದೆ ಆ ಭಾಷೆಯಲ್ಲೇ ಮಾತನಾಡಿದರು. ಪರಭಾಷೆಯಲ್ಲಿ ಬಾಯಿ ತೆರೆಯಲು ಹಿಂಜರಿಯುವ ನಮ್ಮಂಥವರಿಗೆ ಈ ಸಂಗತಿ ಹಿಡಿಸುತ್ತದೆ. 1932ರಲ್ಲಿ ಲಾಂಗ್ ಐಲೆಂಡ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕ ಸ್ಥಾನ ದೊರೆಯಿತು. 1934ರಲ್ಲಿ ಆಸ್ಟ್ರಿಯಾದಲ್ಲಿ ಸರ್ವಾಧಿಕಾರದ ಆಡಳಿತ ಸಮಾಜವಾದಿಗಳನ್ನು ಹತ್ತಿಕ್ಕಿದಾಗ ಮಕ್ಕಳ ಕೇಂದ್ರಗಳು ಮುಚ್ಚಿಹೋದವು. ಹದಿನೈದು ವರ್ಷಗಳ ಕೆಲಸ ಕಣ್ಣೆದುರೇ ಅಳಿಯಿತು. ಆಡ್ಲರ್ ನ್ಯೂಯಾರ್ಕಿನಲ್ಲಿ ನೆಲೆಸಿದರು. 1935ರಲ್ಲಿ ರೈಸಾ ಬಂದು ಸೇರಿಕೊಂಡರು. ಹಳೆಯ ಬಿಗಿತ ಕಳೆದು ಇಬ್ಬರೂ ಹತ್ತಿರವಾದದ್ದು ಈ ಕೊನೆಯ ವರ್ಷಗಳಲ್ಲಿ.

ಜಗತ್ತಿಗೆಲ್ಲ ಸ್ಪರ್ಧೆ ಬಿಡಿ, ಸಹಕರಿಸಿ ಎಂದ ಈ ಮನುಷ್ಯ ತಮ್ಮದೊಂದು ಸ್ಪರ್ಧೆಯನ್ನು ಮಾತ್ರ ಬಿಡಲಾರದೆ ಹೋದರು. ಯಾರಾದರೂ ಅವರನ್ನು ಫ್ರಾಯ್ಡರ ಶಿಷ್ಯರೆಂದು ಕರೆದರೆ ಸಿಟ್ಟು ನೆತ್ತಿಗೇರುತ್ತಿತ್ತು. ತಾವು ಶಿಷ್ಯರಾಗಿ ಹೋದವರಲ್ಲ, ಫ್ರಾಯ್ಡರೇ ಕರೆದಿದ್ದರೆಂದು ತೋರಿಸಲು, 1902ರ ಆ ಅಂಚೆ ಕಾರ್ಡನ್ನು ಬಣ್ಣ ಮಾಸಿದ ಮೇಲೂ ಜತನವಾಗಿ ಇಟ್ಟುಕೊಂಡಿದ್ದರು. ಫ್ರಾಯ್ಡರಾದರೂ ಕ್ಷಮಿಸಲಿಲ್ಲ. ಆಡ್ಲರರ ಸಾವಿನ ಸುದ್ದಿ ತಿಳಿದ ಮೇಲೆ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿಯೂ ಅವರು ಹಳೆಯ ಕಹಿಯನ್ನೇ ಕಾರಿಕೊಂಡರು. ಇಬ್ಬರು ಮಹಾನುಭಾವರು ಮನುಷ್ಯನ ಮನಸ್ಸನ್ನು ಅಷ್ಟು ಆಳವಾಗಿ ಬಲ್ಲವರಾಗಿದ್ದೂ ಇಪ್ಪತ್ತಾರು ವರ್ಷ ಮಾತು ಬಿಟ್ಟು ಕುಳಿತದ್ದನ್ನು ನೆನೆದಾಗ ಖೇದವಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಆಡ್ಲರರನ್ನು ಕಾಡುತ್ತಿದ್ದದ್ದು ಹಿರಿಯ ಮಗಳು ವ್ಯಾಲೆಂಟಿನ್‌ಳ ಚಿಂತೆ. ತಾಯಿಯಂತೆಯೇ ಸಮಾಜವಾದದಲ್ಲಿ ನಂಬಿಕೆಯಿಟ್ಟ ಆಕೆ ಪತಿಯೊಡನೆ ಸೋವಿಯತ್ ರಷ್ಯಾಕ್ಕೆ ಹೋಗಿ ನೆಲೆಸಿದ್ದಳು. 1937ರ ಆರಂಭದಿಂದ ಅವಳ ಸುದ್ದಿಯೇ ಇಲ್ಲವಾಯಿತು. ಸ್ಟಾಲಿನ್ ಆಡಳಿತ ಅವಳನ್ನು ಬಂಧಿಸಿತ್ತೆಂಬುದು ತಂದೆಗೆ ಖಚಿತವಾಗಿ ತಿಳಿಯಲೇ ಇಲ್ಲ. ನಿದ್ದೆಯಿಲ್ಲದೆ, ಊಟ ರುಚಿಸದೆ, ಆದರೂ ಒಪ್ಪಿಕೊಂಡ ಉಪನ್ಯಾಸಗಳನ್ನು ತಪ್ಪಿಸದೆ ಅವರು ಯುರೋಪಿನ ಊರೂರು ಸುತ್ತಿದರು. ಮೇ 28ರ ಬೆಳಗ್ಗೆ ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ವಾಯುವಿಹಾರಕ್ಕೆಂದು ಹೊರಟವರು ಯೂನಿಯನ್ ಬೀದಿಯಲ್ಲಿ ಹೃದಯಾಘಾತದಿಂದ ಕುಸಿದರು. ಆಸ್ಪತ್ರೆಗೆ ಸಾಗಿಸುವಾಗ ಪ್ರಾಣ ಹೋಗಿತ್ತು. ವಯಸ್ಸು 67. ವ್ಯಾಲೆಂಟಿನ್ 1942ರಲ್ಲಿ ಸೆರೆಯ ಶಿಬಿರದಲ್ಲಿ ತೀರಿಕೊಂಡಳು. ಮಗಳು ಅಲೆಕ್ಸಾಂಡ್ರಾ ಮತ್ತು ಮಗ ಕುರ್ಟ್ ಇಬ್ಬರೂ ಮನೋವೈದ್ಯರಾಗಿ ಅಮೆರಿಕದಲ್ಲಿ ತಂದೆಯ ಕೆಲಸವನ್ನು ಮುಂದುವರಿಸಿದರು. ರೈಸಾ 1962ರವರೆಗೆ ಬದುಕಿದ್ದರು.

ಅವರ ವಿಚಾರಗಳು ಬೇರೆಯವರ ಹೆಸರಿನಲ್ಲಿ ಬಾಳಿದವು. ಮನುಷ್ಯನ ಅಗತ್ಯಗಳ ಶ್ರೇಣಿಯನ್ನು ವಿವರಿಸಿದ ಅಬ್ರಹಾಂ ಮಾಸ್ಲೊ ನ್ಯೂಯಾರ್ಕಿನಲ್ಲಿ ಆಡ್ಲರರ ಮಾತು ಕೇಳಲು ಹೋಗುತ್ತಿದ್ದ ತರುಣರಲ್ಲಿ ಒಬ್ಬರು. ಬದುಕಿನ ಅರ್ಥವನ್ನು ಕುರಿತು ಬರೆದ ವಿಕ್ಟರ್ ಫ್ರಾಂಕಲ್ ಯೌವನದಲ್ಲಿ ಅವರ ಸಂಘದಲ್ಲಿದ್ದು, 1927ರಲ್ಲಿ ಅಲ್ಲಿಂದ ಹೊರಹಾಕಲ್ಪಟ್ಟವರು. ಹೌದು, ಭಿನ್ನಮತಕ್ಕಾಗಿ ಫ್ರಾಯ್ಡರ ಸಂಘ ತೊರೆದ ಆಡ್ಲರರೇ ಮುಂದೆ ತಮ್ಮ ಸಂಘದಲ್ಲಿ ಭಿನ್ನಮತವನ್ನು ಸಹಿಸಲಿಲ್ಲ.

ಆಡ್ಲರರ ದೇಹವನ್ನು ಎಡಿನ್‌ಬರೋದ ವಾರಿಸ್ಟನ್ ಚಿತಾಗಾರದಲ್ಲಿ ದಹಿಸಲಾಗಿತ್ತು. ಅನಂತರ ಯುದ್ಧ ಬಂತು, ಕುಟುಂಬ ಚದುರಿತ್ತು. ಚಿತಾಭಸ್ಮ ಎಲ್ಲಿದೆಯೆಂಬುದನ್ನೇ ಲೋಕ ಮರೆಯಿತು. ಎಪ್ಪತ್ತು ವರ್ಷಗಳ ಬಳಿಕ, 2007ರಲ್ಲಿ, ಅದು ಅದೇ ಚಿತಾಗಾರದಲ್ಲಿ ಪತ್ತೆಯಾಯಿತು. 2011ರಲ್ಲಿ ಅದನ್ನು ವಿಯೆನ್ನಾಕ್ಕೆ ತಂದು, ಆ ನಗರದ ಕೇಂದ್ರ ಸ್ಮಶಾನದಲ್ಲಿ ಗೌರವದಿಂದ ಇರಿಸಲಾಯಿತು.